ದಿನದ ಮೊದಲ ನಾಡಿ

ಹೊಳೆದಂಡೆಯ ವೈದ್ಯಾಶ್ರಮದಲ್ಲಿ ಒಂದು ನಿಯಮವಿತ್ತು. ರೋಗಿಗಳನ್ನು ನೋಡಲು ಕೂರುವವರು ಮೊದಲು ಗುರುವಿನ ನಾಡಿ ನೋಡಬೇಕು. ಅದೂ ಬೆಳಗ್ಗೆ, ಬರಿ ಹೊಟ್ಟೆಯಲ್ಲಿ. ಬೆರಳು ಸರಿಯಾಗಿ ಗುರುತಿಸಿದರೆ ಮಾತ್ರ ಆ ದಿನ ವೈದ್ಯರ ಮಣೆ ಅವರದು. ಯಾರಿಗೂ ವಿನಾಯಿತಿ ಇರಲಿಲ್ಲ.

ಎಂಟು ವರ್ಷ ಪಟ್ಟಣದಲ್ಲಿ ವೈದ್ಯನಾಗಿದ್ದ ಬೊಪ್ಪಣ್ಣ ಹಿಂದಿನ ಸಂಜೆ ಮರಳಿ ಬಂದಿದ್ದ. ಗುರು ಸೋಮಪಂಡಿತರೇ ಹೇಳಿಕಳುಹಿಸಿದ್ದರು: "ಇನ್ನು ಆಶ್ರಮ ನಿನ್ನದು, ಬಾ."

ಬದುಕಿನಲ್ಲಿ ಅವನು ಬಯಸಿದ್ದು ಅದೊಂದನ್ನೇ.

ಬೆಳಗ್ಗೆ ಗುರುಗಳ ಎದುರು ಬಂದು ಕುಳಿತಾಗ ಅವನ ಬಾಯಲ್ಲಿ ಏಲಕ್ಕಿಯಿತ್ತು.

"ಇಷ್ಟು ಬೇಗ ಏಲಕ್ಕಿಯೇನಪ್ಪ?"

"ಬಾಯಿ ಒಣಗಿತ್ತು, ಗುರುಗಳೇ."

"ಬೊಪ್ಪಣ್ಣ."

ಅವನು ತಲೆ ತಗ್ಗಿಸಿದ.

"ಎರಡೇ ಗುಟುಕು," ಎಂದ.

"ಯಾವಾಗಿನಿಂದ?"

"ಪಟ್ಟಣಕ್ಕೆ ವಾಂತಿಭೇದಿ ಬಂದ ವರ್ಷದಿಂದ. ಒಂದೇ ದಿನ ಹನ್ನೊಂದು ಜನ ನನ್ನ ಕೈಯಲ್ಲೇ ಹೋದರು. ಕಣ್ಣು ಮುಚ್ಚಿದರೆ ಅವರೇ. ಸಂಜೆ ಊರಿನ ಹಿರಿಯರು ಕರೆದು ಕೂರಿಸಿಕೊಂಡು ಹೆಂಡ ಮುಂದಿಟ್ಟರು. 'ತೆಗೆದುಕೊಳ್ಳಿ ವೈದ್ಯರೇ, ದಣಿವಾರಲಿ' ಎಂದರು. ಬೇಡವೆಂದರೆ, 'ನೋಡ್ರಪ್ಪಾ ಮಡಿವಂತರನ್ನ' ಎಂದು ನಕ್ಕರು. ನಾನೂ ನಕ್ಕೆ. ತೆಗೆದುಕೊಂಡೆ."

"ಆಮೇಲೆ?"

"ರೋಗ ಊರು ಬಿಟ್ಟಿತು. ಗುಟುಕು ನನ್ನನ್ನು ಬಿಡಲಿಲ್ಲ."

"ಈಗ ಯಾರು ಕರೆಯುತ್ತಾರೆ?"

"ಯಾರೂ ಕರೆಯುವುದಿಲ್ಲ. ಒಬ್ಬನೇ ಕುಡಿಯುತ್ತೇನೆ." ಅವನು ಅವಸರದಿಂದ ಕೈ ಮುಂದೆ ಚಾಚಿದ. "ಕುಡಿಯದಿದ್ದರೆ ಬೆರಳು ನಡುಗುತ್ತದೆ, ನಿಜ. ಆದರೆ ಈಗ ನೋಡಿ. ಒಂದಿಷ್ಟಾದರೂ ಅಲುಗುತ್ತಿದೆಯೇ?"

ಬೆರಳು ಅಲುಗಲಿಲ್ಲ.

ಗುರುಗಳು ತಮ್ಮ ಮಣಿಕಟ್ಟನ್ನು ಅವನ ಮುಂದಿಟ್ಟರು.

ಬೊಪ್ಪಣ್ಣ ಮೂರು ಬೆರಳಿಟ್ಟ. ಕಣ್ಣು ಮುಚ್ಚಿದ. ಬಹಳ ಹೊತ್ತು ನೋಡಿದ. ಅವನ ಮುಖ ಅರಳಿತು.

"ಗಟ್ಟಿ ನಾಡಿ, ಗುರುಗಳೇ. ಇನ್ನೂ ಹತ್ತು ವರ್ಷ ಚಿಂತೆಯಿಲ್ಲ."

ಗುರುಗಳು ಒಳಗೆ ನೋಡಿ ಕರೆದರು. "ಸಂಕವ್ವ."

ಸಂಕವ್ವ ರೋಗಿಗಳಿಗೆ ಗಂಜಿ ಬೇಯಿಸುವವಳು. ಅವಳಿಗೆ ಅಕ್ಷರ ಬಾರದು. ವೈದ್ಯರಿಲ್ಲದ ಇಷ್ಟು ದಿನ ಗುರುಗಳ ನಾಡಿ ನೋಡುತ್ತಿದ್ದವಳು ಅವಳೇ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಅದೇ ಮಣಿಕಟ್ಟು ಹಿಡಿದಳು. ಮತ್ತೊಮ್ಮೆ ಒತ್ತಿ ಎಣಿಸಿದಳು.

"ಮೂರು ಸಲ ಬಡಿದು ನಿಂತುಬಿಡ್ತದೆ, ಅಯ್ಯನವರೇ. ನಿನ್ನೆ ಐದಾದರೂ ಬಡೀತಿತ್ತು." ಅವಳು ಬೊಪ್ಪಣ್ಣನ ಕಡೆ ತಿರುಗಿದಳು. "ಇಷ್ಟು ಓದಿದ್ದೀರಿ, ನಿಮಗೆ ತಿಳೀಲಿಲ್ವೇ?"

"ಅವನನ್ನು ಕೇಳಬೇಡ, ತಾಯಿ," ಎಂದರು ಗುರುಗಳು.

ಬೊಪ್ಪಣ್ಣ ಮತ್ತೆ ಗುರುಗಳ ಕೈ ಎಳೆದುಕೊಂಡ. ಬೆರಳೊತ್ತಿದ. ನಾಡಿ ಎಲ್ಲಿಯೂ ತಪ್ಪಿದಂತೆ ಅವನಿಗೆ ತೋರಲಿಲ್ಲ. ಆಗ ಅವನಿಗೆ ನಿಜವಾಗಿ ಭಯವಾಯಿತು.

ಗುರುಗಳು ಸಂಕವ್ವನನ್ನು ವೈದ್ಯರ ಮಣೆಯ ಮೇಲೆ ಕೂರಿಸಿದರು. ಬಳಿಕ ಗೋಡೆ ಹಿಡಿದುಕೊಂಡು ನಡೆದು, ರೋಗಿಗಳ ಸಾಲಿನ ಕೊನೆಯಲ್ಲಿ ತಾವೇ ಒಂದು ಚಾಪೆ ಹಾಸಿದರು.

"ಮಲಗು. ನಾಳೆಯಿಂದ ಮೈಯೆಲ್ಲ ನಡುಗುತ್ತದೆ. ಸಂಕವ್ವ ಪಕ್ಕದಲ್ಲಿರುತ್ತಾಳೆ."

"ನಾನು ವೈದ್ಯ, ಗುರುಗಳೇ."

"ಇವತ್ತಲ್ಲ."

ಅವನು ಚಾಪೆಯ ಅಂಚಿನಲ್ಲಿ ಕುಳಿತ. ಪಕ್ಕದ ರೋಗಿ ಸ್ವಲ್ಪ ಸರಿದು ಜಾಗ ಕೊಟ್ಟ.

"ಈ ಬೆರಳಿಗೆ ಮತ್ತೆ ನಾಡಿ ತಿಳಿಯಲು ಎಷ್ಟು ದಿನ ಬೇಕು?"

"ಪೂರ್ತಿ ಬಿಟ್ಟರೆ, ಮೂರು ತಿಂಗಳು."

ಬೊಪ್ಪಣ್ಣ ಗುರುಗಳ ಪಾದ ಹಿಡಿದುಕೊಂಡ. ಪಾದ ತಣ್ಣಗಿತ್ತು.

"ಅಲ್ಲಿಯವರೆಗೆ ತಾವು ಇರುತ್ತೀರಲ್ಲವೇ?"

"ಅದನ್ನು ನೀನು ನನಗೆ ಹೇಳಬೇಕಿತ್ತು, ಬೊಪ್ಪಣ್ಣ."