ಬಿರಿದ ಎಳೆ

ಹಳೆಯ ಕಂಪ್ಯೂಟರೊಂದರ ಬೋರ್ಡಿನಲ್ಲಿ ಪ್ರೊಸೆಸರ್ ಯಜಮಾನ, ಮೆಮೊರಿ ಚಿಪ್ಪು ಉಗ್ರಾಣಿ. ಯಾವ ಅಂಕಿಯನ್ನು ಯಾವ ಕೋಣೆಯಲ್ಲಿಡಬೇಕೆಂಬ ಅಪ್ಪಣೆಯನ್ನು ತಾಮ್ರದ ಎಳೆಗಳು ಒಯ್ಯುತ್ತಿದ್ದವು. ಅವುಗಳಲ್ಲಿ "ಇದು ಮೇಲಂತಸ್ತಿಗೆ" ಎಂದು ಸಾರುವ ಎಳೆಯೊಂದು ಕಿಲುಬು ಹಿಡಿದು ಬಿರಿಯಿತು. ಅದರ ದನಿ ಉಗ್ರಾಣಿಗೆ ಮುಟ್ಟದೆ, ಮೇಲಿಡಬೇಕಾದ ಅಂಕಿಯೆಲ್ಲ ಕೆಳಗಿನ ಕೋಣೆಗೆ ಬಿದ್ದು, ಅಲ್ಲಿದ್ದುದನ್ನು ಅಳಿಸಿಹಾಕಿತು. ಎಳೆಗೆ ಇದು ಗೊತ್ತಿತ್ತು. ಹೇಳಿದರೆ ತನ್ನನ್ನು ಕಿತ್ತೆಸೆಯುತ್ತಾರೆಂದು ಅಂಜಿ ಬಾಯಿ ಬಿಡಲಿಲ್ಲ.

"ಕೆಳಗೆ ಏಳನ್ನು ಇಡಿಸಿದ್ದೆ. ಒಂಬತ್ತನ್ನು ಕೊಡುತ್ತಿದ್ದೀಯಲ್ಲ?" ಎಂದ ಯಜಮಾನ.

"ಒಡೆಯರೇ, ಏಳರ ಮೇಲೆ ಒಂಬತ್ತು ಬಂತು. ಬಂದದ್ದನ್ನು ಇಟ್ಟೆ, ಇಟ್ಟದ್ದನ್ನು ಕೊಟ್ಟೆ," ಎಂದ ಉಗ್ರಾಣಿ.

ಯಜಮಾನ ವಾಡಿಕೆಯಂತೆ ಎಲ್ಲ ಕೋಣೆಗೂ ಒಂದೇ ಅಂಕಿ ತುಂಬಿಸಿ ಪರೀಕ್ಷಿಸಿದ. ಎಲ್ಲ ಕಡೆಯಿಂದಲೂ ಅದೇ ಅಂಕಿ ಮರಳಿತು. "ದಾರಿ ನೆಟ್ಟಗಿದೆ. ಸುಳ್ಳು ನಿನ್ನದೇ," ಎಂದ. ರಿಪೇರಿ ಮಾಡುವ ಫಿಲೋಮಿನಾ ಉಗ್ರಾಣಿಯನ್ನು ಮೀಟಿ ತೆಗೆದಳು. ಕಾಲು ಮುರಿದ ಅವನು ಕಸದ ಬುಟ್ಟಿ ಸೇರಿದ.

ಹೊಸ ಉಗ್ರಾಣಿ ಬಂದ. ಅವನೂ ಏಳರ ಬದಲು ಒಂಬತ್ತನ್ನೇ ಕೊಟ್ಟ.

ಆಗ ಫಿಲೋಮಿನಾ ಒಂದೊಂದು ಕೋಣೆಗೂ ಬೇರೆ ಬೇರೆ ಅಂಕಿ ತುಂಬಿ ನೋಡಿ, ಮೇಲಿನದನ್ನು ಕೇಳಿದರೂ ಕೆಳಗಿನದೇ ಬರುವುದನ್ನು ಕಂಡು, ಬಿರುಕನ್ನು ಹುಡುಕಿದಳು. ಎಳೆಯನ್ನು ಕೀಳಲಿಲ್ಲ, ಒಂದು ತೊಟ್ಟು ಬೆಸುಗೆ ಹಾಕಿದಳು, ಅಷ್ಟೇ.

ದನಿ ಮರಳಿದ ಎಳೆ ಮೊದಲು ಯಜಮಾನನಿಗೆ ಹೇಳಿತು: "ಹಳೆಯ ಉಗ್ರಾಣಿ ನಿಜವನ್ನೇ ಹೇಳಿದ್ದ. ನನಗೆ ಗೊತ್ತಿತ್ತು."

"ನಾನೂ ತಪ್ಪಿದೆ, ಅವನನ್ನು ನಂಬಲಿಲ್ಲ," ಎಂದ ಯಜಮಾನ. "ಈ ಮಾತನ್ನು ಅವನಿಗೇ ಮುಟ್ಟಿಸು."

ಬೋರ್ಡಿನ ಯಾವ ಎಳೆಯೂ ಕಸದ ಬುಟ್ಟಿಯವರೆಗೆ ಹೋಗುವುದಿಲ್ಲ.