ಸುಣ್ಣದ ತಿಳಿ

ಹೊಳೆದಂಡೆಯಲ್ಲಿ ನಿರ್ವಾಣಯ್ಯನವರ ಆಶ್ರಮ. ಆಶ್ರಮ ಅಂದರೆ ಏನೋ ದೊಡ್ಡದು ಅಂದುಕೊಳ್ಳಬೇಡಿ. ನಾಲ್ಕಾರು ಗುಡಿಸಲು, ಒಂದು ಅಡುಗೆಮನೆ, ನೀರಿಗಿಳಿಯಲು ಕಲ್ಲಿನ ಮೆಟ್ಟಿಲು. ಅಷ್ಟೇ.

ಅಯ್ಯನವರಿಗೆ ವಯಸ್ಸಾಗಿತ್ತು. ತಮ್ಮ ನಂತರ ಇದನ್ನೆಲ್ಲ ನೋಡಿಕೊಳ್ಳುವವನು ಚಂದ್ರಮೌಳಿ ಎಂದು ಎಲ್ಲರೆದುರಿಗೇ ಹೇಳಿಬಿಟ್ಟಿದ್ದರು. ಅಂದಿನಿಂದ ಪಾಪ ಅವನಿಗೆ ಸರಿಯಾಗಿ ನಿದ್ದೆ ಹತ್ತುತ್ತಿರಲಿಲ್ಲ.

ಮನುಷ್ಯ ಒಳ್ಳೆಯವನೇ. ಆದರೆ ಶುದ್ಧಿಯ ಹುಚ್ಚು. ಕುಡಿಯುವುದಕ್ಕೆ ಮಳೆ ನೀರೇ ಆಗಬೇಕು, ಅದನ್ನೂ ಸೋಸಿ ಮತ್ತೆ ಸೋಸಬೇಕು. ಅವನು ಒರೆಸಿದ ಚಾಪೆಯ ಮೇಲೆ ಕೂರಲು ಬೇರೆಯವರಿಗೆ ಹೆದರಿಕೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಅವನು ಮೆಟ್ಟಿಲ ಮೇಲೆ ಕೂತಿದ್ದ ಗುರುಗಳ ಬಳಿ ಬಂದ.

“ಅಯ್ಯನವರೇ, ನಮ್ಮಲ್ಲಿ ಏನೋ ಕೆಟ್ಟಿದೆ. ಊಟಕ್ಕೆ ಕೂತರೆ ಒಬ್ಬರ ಮುಖ ಒಬ್ಬರು ನೋಡೋದಿಲ್ಲ. ಗಂಟೆ ಬಾರಿಸೋದು ಯಾರು ಅಂತ ನಿನ್ನೆ ಜಗಳ ಆಯ್ತು. ಒಬ್ಬನಂತೂ ಗಂಟುಮೂಟೆ ಕಟ್ಟಿ ಇಟ್ಟಿದ್ದಾನೆ.”

“ಯಾವಾಗಿನಿಂದ ಹೀಗೆ?”

ಯಾವಾಗಿನಿಂದ ಎಂದು ಚಂದ್ರಮೌಳಿಗೆ ಚೆನ್ನಾಗಿ ಗೊತ್ತಿತ್ತು. ತಿಪ್ಪೇಶಿ ಹೋದಾಗಿನಿಂದ.

ತಿಪ್ಪೇಶಿಯೂ ಅಲ್ಲಿನ ಶಿಷ್ಯನೇ. ಸದಾ ಬಾಯಲ್ಲಿ ಎಲೆ ಅಡಿಕೆ, ಸದಾ ಏನೋ ಒಂದು ಮಾತು. ಧ್ಯಾನಕ್ಕೆ ಕೂತರೆ ತೂಕಡಿಸುವವನು, ಭಜನೆಗೆ ನಿಂತರೆ ಅಪಸ್ವರ. ಮುನಿಸಿಕೊಂಡವರ ಪಕ್ಕದಲ್ಲಿ ಹೋಗಿ ಕೂತು, ಎಲೆಗೆ ಸುಣ್ಣ ಸವರಿ ಅರ್ಧ ಹರಿದುಕೊಟ್ಟು, ಅವರನ್ನು ನಗಿಸಿಯೇ ಏಳುತ್ತಿದ್ದ.

ಒಂದು ದಿನ ಪ್ರಾರ್ಥನೆಯ ಕಲ್ಲಿನ ಮೇಲೆ ಎಲೆಯ ಕೆಂಪು ಕಲೆ ಬಿದ್ದಿತ್ತು. ಚಂದ್ರಮೌಳಿಗೆ ರೇಗಿತು. “ಥೂ! ಈ ಬಾಯಲ್ಲಿ ದೇವರ ಹೆಸರು ಬೇರೆ!” ಎಂದು ಎಲ್ಲರ ಮುಂದೆ ಅಂದುಬಿಟ್ಟ. ತಿಪ್ಪೇಶಿ ಕಲೆಯನ್ನು ತೊಳೆದ, ಟವೆಲ್ಲು ಹೆಗಲಿಗೆ ಹಾಕಿಕೊಂಡ, ಹೊರಟುಹೋದ.

“ಒಂದು ಕಟ್ಟುನಿಟ್ಟಿನ ನಿಯಮ ಮಾಡಿಕೊಡಿ ಅಯ್ಯನವರೇ,” ಎಂದ ಚಂದ್ರಮೌಳಿ. “ನೀವಿರೋವಾಗಲೇ ಹೀಗಾದರೆ, ನೀವಿಲ್ಲದ ಮೇಲೆ ನಮ್ಮನ್ನ ಯಾವುದು ಹಿಡಿದಿಡುತ್ತೆ?”



ಅಯ್ಯನವರು ಮೊಣಕಾಲುದ್ದ ನೀರಿಗಿಳಿದರು. ಒಂದು ಕಲ್ಲಿನ ಅಡಿಗೆ ಕೈಹಾಕಿ, ಹಸಿರು ಬಣ್ಣದ ಮೆತ್ತನೆಯ ಮುದ್ದೆಯೊಂದನ್ನು ಬಿಡಿಸಿ ತಂದರು.

“ಇದೇನು ಹೇಳು?”

“ಪಾಚಿ.”

“ಅಲ್ಲ, ಪ್ರಾಣಿ. ಸ್ಪಂಜು ಅಂತಾರೆ. ಕಣ್ಣಿಲ್ಲ, ಬಾಯಿಲ್ಲ, ತಲೆಯೂ ಇಲ್ಲ.”

“ತಲೆಯೇ ಇಲ್ಲದ ಮೇಲೆ ಇದನ್ನ ಆಳೋದು ಯಾವುದು?”

“ನಾನೂ ಅದನ್ನೇ ಕೇಳ್ತಿದ್ದೀನಿ,” ಎಂದು ನಕ್ಕರು ಅಯ್ಯನವರು.

ಒಂದು ಬೋಗುಣಿಯಲ್ಲಿ ಹೊಳೆ ನೀರು ತುಂಬಿಸಿದರು. ಆ ಮುದ್ದೆಯನ್ನು ತಮ್ಮ ಶಲ್ಯದ ತುದಿಯಲ್ಲಿ ಕಟ್ಟಿ, ನೀರಲ್ಲಿ ಅದ್ದಿ, ಹಿಂಡಿಯೇ ಹಿಂಡಿದರು. ಬಟ್ಟೆಯ ಎಳೆಗಳ ನಡುವಿಂದ ಹಸಿರು ಬಗ್ಗಡ ಇಳಿಯಿತು.

“ಅಯ್ಯೋ, ಕೊಂದುಬಿಟ್ಟಿರಲ್ಲ!”

“ಕೊಲ್ಲಲಿಲ್ಲ, ಬಿಡಿಸಿದೆ. ಇದೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳು. ಒಂದನ್ನೊಂದು ಹಿಡಿದುಕೊಂಡಿದ್ದವು, ಈಗ ಬಿಡಿಬಿಡಿಯಾಗಿವೆ. ಬಿಟ್ಟರೆ ತಾವಾಗಿಯೇ ಹುಡುಕಿಕೊಂಡು ಬಂದು ಮತ್ತೆ ಹಿಡಿದುಕೊಳ್ಳುತ್ತವೆ. ನೀನು ನೋಡಿಕೋ. ಅವು ಕೂಡಿದ ಮೇಲೆ ನಿನ್ನ ಪ್ರಶ್ನೆ ಕೇಳು.”

ಚಂದ್ರಮೌಳಿ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ನೆರಳಿಗೆ ಒಯ್ದ. ತನ್ನ ಕೈಗೆ ಬಂದಿರುವುದು ಬರೀ ಬೋಗುಣಿಯಲ್ಲ ಎಂದು ಅವನಿಗೂ ಅನ್ನಿಸಿತ್ತು.

ಸ್ವಲ್ಪ ಹೊತ್ತಿಗೆ ಹಸಿರೆಲ್ಲ ತಳ ಸೇರಿತು. ಮೇಲಿನ ನೀರಿನಲ್ಲಿ ಧೂಳು, ಒಂದು ಕಡ್ಡಿ, ಎಂಥದೋ ಹುಳದ ರೆಕ್ಕೆ. ಅವನ ಜೀವ ತಡೆಯಲಿಲ್ಲ. ಇಷ್ಟು ನಾಜೂಕಿನ ಜೀವಕ್ಕೆ ಈ ಗಲೀಜು ನೀರೇ ಎಂದು ಅದನ್ನು ಮೆಲ್ಲಗೆ ಬಗ್ಗಿಸಿ ಚೆಲ್ಲಿದ. ತಾನು ಸೋಸಿಟ್ಟ ಮಳೆ ನೀರು ತುಂಬಿದ. ಸಂಜೆ ಮತ್ತೊಮ್ಮೆ ಬದಲಾಯಿಸಿದ. ಎಲ್ಲ ಭಕ್ತಿಯಿಂದಲೇ ಮಾಡಿದ.

ಮರುದಿನ ಬೆಳಿಗ್ಗೆ ನೋಡಿದರೆ ತಳದಲ್ಲಿ ಬರೀ ಹಿಟ್ಟು. ಬೋಗುಣಿ ಅಲುಗಿಸಿದರೆ ಹೊಗೆಯ ಹಾಗೆ ಏಳುತ್ತಿತ್ತು. ಒಂದಕ್ಕೊಂದು ಅಂಟಿದ್ದು ಎಲ್ಲೂ ಇರಲಿಲ್ಲ.

ಬೋಗುಣಿ ಹಿಡಿದುಕೊಂಡೇ ಗುರುಗಳ ಬಳಿ ಹೋದ. ಕಣ್ಣು ತುಂಬಿಬಂದಿತ್ತು.

“ನನ್ನ ಕೈಗೆ ಕೊಟ್ಟದ್ದು ಯಾವುದೂ ಕೂಡೋದಿಲ್ಲ ಅಯ್ಯನವರೇ. ಆಶ್ರಮಾನ ಬೇರೆ ಯಾರಿಗಾದರೂ ಒಪ್ಪಿಸಿಬಿಡಿ.”

ಅಯ್ಯನವರು ಬೋಗುಣಿಗೆ ಕಣ್ಣು ಹಾಯಿಸಿದರು.

“ನೀರು ಬದಲಾಯಿಸಿದೆಯಾ?”

“ಹೌದು, ಸೋಸಿದ ಮಳೆ ನೀರು. ಇದಕ್ಕಿಂತ ಶುದ್ಧವಾದದ್ದು ಎಲ್ಲೂ ಇಲ್ಲ.”

“ಅದಕ್ಕೇ ಹೀಗಾಯ್ತು.”

ಚಂದ್ರಮೌಳಿ ಗುರುಗಳ ಮುಖ ನೋಡಿದ.

“ಹೊಳೆ ನೀರಲ್ಲಿ ಕಲ್ಲು ಸವೆದ ಸುಣ್ಣ ಇರುತ್ತಪ್ಪ,” ಎಂದರು ಅಯ್ಯನವರು. “ಈ ಕೋಶಗಳಿಗೆ ಹಿಡಿಯೋಕೆ ಕೈ ಥರದ್ದು ಇದೆ ಅಂದುಕೋ. ಚೂರು ಸುಣ್ಣದ ಅಂಶ ಇಲ್ಲದಿದ್ದರೆ ಆ ಕೈ ಜೋತುಬೀಳುತ್ತೆ. ಪಕ್ಕಪಕ್ಕದಲ್ಲೇ ಇರ್ತಾವೆ, ಹಿಡಿಯೋಕೆ ಆಗೋದಿಲ್ಲ. ನಿನ್ನ ಮೈ, ನನ್ನ ಮೈ ನಿಂತಿರೋದೂ ಇಂಥ ಹಿಡಿತದ ಮೇಲೇ.”

“ಈಗಲೇ ಹೊಳೆ ನೀರು ತರ್ತೀನಿ!”

“ಹೊಳೆ ತನಕ ಯಾಕೆ? ಸುಣ್ಣ ಮನೆಯಲ್ಲೇ ಇದೆಯಲ್ಲ. ಅಡುಗೆಮನೆ ಕಿಟಕಿಯಲ್ಲಿ.”

ಚಂದ್ರಮೌಳಿ ನಿಂತಲ್ಲೇ ನಿಂತ. ಕಿಟಕಿಯಲ್ಲಿ ಇದ್ದದ್ದು ತಿಪ್ಪೇಶಿ ಮರೆತುಹೋದ ಸುಣ್ಣದ ಡಬ್ಬಿ. ಅದನ್ನು ಎಸೆಯಲೂ ಆಗದೆ, ಮುಟ್ಟಲೂ ಆಗದೆ ಅವನು ಇಷ್ಟು ದಿನ ಆ ಕಡೆ ನೋಡದೆಯೇ ಓಡಾಡುತ್ತಿದ್ದ.

ಹೋಗಿ ತಂದ. ಪುಟ್ಟ ಹಿತ್ತಾಳೆ ಡಬ್ಬಿ. ಹೆಬ್ಬೆರಳು ತಾಗಿ ತಾಗಿ ಮುಚ್ಚಳ ನುಣ್ಣಗಾಗಿತ್ತು.

ಅಯ್ಯನವರು ಉಗುರಿನ ತುದಿಯಷ್ಟು ಸುಣ್ಣ ತೆಗೆದು ಒಂದು ಚೆಂಬು ನೀರಲ್ಲಿ ಕದಡಿದರು. ಬಿಳುಪೆಲ್ಲ ತಳಕ್ಕಿಳಿಯುವ ತನಕ ಕಾದು, ಮೇಲಿನ ತಿಳಿಯನ್ನು ಬೋಗುಣಿಗೆ ಹನಿಹನಿಯಾಗಿ ಬಿಟ್ಟರು.

“ಹೆಚ್ಚಾದರೆ ಸುಡುತ್ತೆ. ತಿಪ್ಪೇಶಿಗೆ ಕೇಳು, ಹೇಳ್ತಾನೆ,” ಎಂದರು.

ಇಬ್ಬರೂ ಬೋಗುಣಿಯ ಮುಂದೆ ಕೂತರು. ಬಿಸಿಲು ಏರಿತು. ಅಡುಗೆಯ ಸಾವಂತ್ರಮ್ಮ ಊಟಕ್ಕೆ ಕರೆಯಲು ಬಂದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏನ್ ಸ್ವಾಮೀ ಇದು, ಗುರು ಶಿಷ್ಯ ಇಬ್ಬರೂ ಬೋಗುಣಿ ಪೂಜೆ ಮಾಡ್ತಿದ್ದೀರಾ? ಮುದ್ದೆ ಆರಿ ಕಲ್ಲಾಯ್ತು.” ಆಮೇಲೆ ಡಬ್ಬಿ ಕಂಡು ಅವಳ ದನಿ ಇಳಿಯಿತು. “ಅಯ್ಯೋ, ನಮ್ಮ ತಿಪ್ಪೇಶಣ್ಣಂದು. ಅವನಿದ್ದಾಗ ಪಾತ್ರೆ ತೊಳೆಯೋದೂ ಬೇಜಾರಾಗ್ತಿರಲಿಲ್ಲ.”

ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೋದಳು. ಚಂದ್ರಮೌಳಿ ತಲೆ ಎತ್ತಲಿಲ್ಲ.

ಹೊತ್ತು ಇಳಿಯುತ್ತಿದ್ದಾಗ ಅವನು ಗುರುಗಳ ಭೂತಗನ್ನಡಿ ಹಿಡಿದು ಬಗ್ಗಿ ನೋಡಿದ. ಹಿಟ್ಟಿನಂತಿದ್ದದ್ದು ಹಿಟ್ಟಾಗಿ ಉಳಿದಿರಲಿಲ್ಲ. ಅಲ್ಲೊಂದು ಇಲ್ಲೊಂದು ಸಾಸಿವೆಗಿಂತ ಚಿಕ್ಕ ಹಸಿರು ಉಂಡೆ. ಬೋಗುಣಿಯನ್ನು ಹೆದರುತ್ತಲೇ ಅಲುಗಿಸಿದ. ಉಂಡೆಗಳು ಉರುಳಿದವು, ಒಡೆಯಲಿಲ್ಲ.

“ಹಿಡಿದುಕೊಂಡವು ಅಯ್ಯನವರೇ! ಹಿಡಿದುಕೊಂಡವು!”

ಅಷ್ಟು ಜೋರಾಗಿ ಅವನು ಕೂಗಿದ್ದನ್ನು ಆ ಆಶ್ರಮದಲ್ಲಿ ಯಾರೂ ಕೇಳಿರಲಿಲ್ಲ.

“ಸರಿ,” ಎಂದರು ಅಯ್ಯನವರು. “ಈಗ ನಿನ್ನ ಪ್ರಶ್ನೆ ಕೇಳು.”

ಚಂದ್ರಮೌಳಿ ಭೂತಗನ್ನಡಿ ಕೆಳಗಿಟ್ಟ. ನಿನ್ನೆಯ ಪ್ರಶ್ನೆ ನಾಲಿಗೆಗೆ ಬರಲಿಲ್ಲ.

“ತಿಪ್ಪೇಶಿ ಎಲ್ಲಿದ್ದಾನೆ?” ಎಂದ.

“ಆಚೆ ದಡದಲ್ಲಿ, ಅವನ ಅಕ್ಕನ ಮನೆಯಲ್ಲಿ.”

“ಎಲ್ಲರ ಮುಂದೆ ಅಂಥ ಮಾತು ಅಂದಿದ್ದೀನಿ. ಬರ್ತಾನಾ?”

“ಹೋಗಿ ಕೇಳು.”

ಚಂದ್ರಮೌಳಿ ಎದ್ದ. ಸುಣ್ಣದ ಡಬ್ಬಿಯನ್ನು ಒರೆಸಿ, ಪಂಚೆಯ ಮಡಿಕೆಗೆ ಭದ್ರವಾಗಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿದ. ಬೆರಳಿಗೆ ಸುಣ್ಣ ಮೆತ್ತಿತ್ತು. ತೊಳೆದುಕೊಳ್ಳಲಿಲ್ಲ.

ನೀರಿಗೆ ಕಾಲಿಡುವಾಗ ಮೇಲಿನಿಂದ ಅಯ್ಯನವರು ಕರೆದರು.

“ಡಬ್ಬಿ ಇಲ್ಲೇ ಇಟ್ಟು ಹೋಗೋ. ಅದನ್ನ ಕೊಟ್ಟರೆ ಇಸ್ಕೊಂಡು ಅಲ್ಲೇ ಇದ್ದುಬಿಡ್ತಾನೆ. ಸುಣ್ಣ ಇಲ್ಲಿದೆ, ಎಲೆ ತಗೊಂಡು ಬಾ ಅಂತ ಹೇಳು.”