ತುಪ್ಪ ಹೆಪ್ಪುಗಟ್ಟಿದ ಮಡಕೆ

“ಕೇಳ್ರಪ್ಪೋ ಕೇಳಿ. ಕರಿಬಂಡೆ ಕೋಟೆಯ ರಾಚರಸ ದೊರೆಗಳ ಅಪ್ಪಣೆ. ಈ ಬೇಸಿಗೆಗೆ ಕೋಟೆಯ ಕುಡಿಯುವ ನೀರು ಕಾದು ಕಷಾಯವಾಗಿದೆ. ನೀರು ತಣ್ಣಗಿಡುವ ದಾರಿಯನ್ನು ಸ್ವಂತ ಕೈಯಲ್ಲಿ ಮಾಡಿ ನೋಡಿ, ಇಂದಿಗೆ ನಲವತ್ತನೆಯ ದಿನ ಅರಮನೆಯ ಪ್ರಯೋಗದ ಮೇಳಕ್ಕೆ ತರತಕ್ಕದ್ದು. ಕೂಲಿಮಠಕ್ಕೆ ಒಬ್ಬ ವಿದ್ಯಾರ್ಥಿ. ಬಂದವರಿಗೆ ಮೂರು ಒಗಟು. ಮೂರನ್ನೂ ಬಿಡಿಸಿದವರಿಗೆ ದೊರೆಯ ಪಕ್ಕದಲ್ಲಿ ದಂತದ ಪೀಠ. ಒಂದು ತಪ್ಪಿದರೂ ತಲೆ ಕೋಟೆಬಾಗಿಲಿಗೆ.”

ಡಂಗುರದವನು ಇಷ್ಟು ಸಾರಿ, ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಮುಂದಿನ ಕೇರಿಗೆ ಹೋದ. ಅವನಿಗೇನು, ಹೋಗುವ ತಲೆ ಅವನದಲ್ಲವಲ್ಲ.

ಕುಂಬಾರಕೇರಿಯ ಮಠದಲ್ಲಿ ಓದುತ್ತಿದ್ದವರು ಹನ್ನೊಂದು ಜನ. ಹತ್ತು ಜನರ ಅಪ್ಪಂದಿರು ಅಂದೇ ಸಂಜೆ ಕುಂಬಳಕಾಯಿ, ಬೆಲ್ಲ ಹೊತ್ತುಕೊಂಡು ಪಾಠ ಹೇಳುವ ಐಗಳ ಮನೆಗೆ ಹೋಗಿ ಬಂದರು. ಹನ್ನೊಂದನೆಯವಳು ವಿಧವೆ ತಿಪ್ಪವ್ವನ ಮಗಳು ಈರಿ. “ನಿನಗೆ ಬುದ್ಧಿ ಚುರುಕು ಕಣವ್ವ,” ಎಂದು ಐಗಳು ಅವಳ ಹೆಸರು ಬರೆದುಕೊಟ್ಟರು. ಚುರುಕೂ ಇಲ್ಲ, ಮಣ್ಣೂ ಇಲ್ಲ. ಅದು ಹೇಳುವವರು ಕೇಳುವವರು ಇಲ್ಲದ ಮನೆ, ಅಷ್ಟೇ.

ತಿಪ್ಪವ್ವ ಎರಡು ದಿನ ಅತ್ತಳು. ಈರಿಗೂ ಸಾಯುವ ಭಯವಿತ್ತು. ಆದರೆ ಮೂರನೆಯ ದಿನ ಅವಳು ಗೋಡೆಯ ಮೇಲೆ ಇದ್ದಿಲಿನಿಂದ ನಲವತ್ತು ಗೆರೆ ಎಳೆದು, ಮೂರನ್ನು ಅಳಿಸಿ ಕೆಲಸಕ್ಕೆ ಕೂತಳು. ಒಂದೇ ಕೆರೆಯ ಮಣ್ಣು, ಒಂದೇ ಅಳತೆಯ ಮಡಕೆಗಳು. ಒಂದಕ್ಕೆ ಬೂದಿ ಬೆರೆಸಿದಳು, ಒಂದಕ್ಕೆ ಮರಳು, ಒಂದಕ್ಕೆ ಭತ್ತದ ಹೊಟ್ಟು. ಇನ್ನೊಂದಕ್ಕೆ ಏನನ್ನೂ ಬೆರೆಸಲಿಲ್ಲ. ಎಲ್ಲಕ್ಕೂ ಒಂದೇ ನೆರಳು, ಒಂದೇ ಬಾವಿಯ ನೀರು. ಬೇಡಿ ತಂದ ತುಪ್ಪವನ್ನು ಕಾಯಿಸಿ ಪುಟ್ಟ ಬಟ್ಟಲುಗಳಲ್ಲಿ ಹಾಕಿ ನೀರಿನ ಮೇಲೆ ತೇಲಿಬಿಟ್ಟಳು. ಯಾವುದರಲ್ಲಿ ತುಪ್ಪ ಮೊದಲು ಹೆಪ್ಪುಗಟ್ಟುತ್ತದೋ ಅದೇ ತಣ್ಣನೆಯ ಮಡಕೆ.

ಬೂದಿ, ಮರಳಿನ ಮಡಕೆಗಳಲ್ಲಿ ತುಪ್ಪ ಕರಗಿಯೇ ಇತ್ತು. ಹೊಟ್ಟಿನದು ಮೊದಲ ಸಲ ಹೊಟ್ಟು ಹೆಚ್ಚಾಗಿ ಮಡಕೆ ಸುಡುವ ಆವಿಗೆಯಲ್ಲೇ ಬಿರಿಯಿತು. ಎರಡನೆಯ ಸಲ ಕಮ್ಮಿಯಾಗಿ ತುಪ್ಪ ಎಣ್ಣೆಯಂತೆ ತೆಳ್ಳಗೇ ಉಳಿಯಿತು. ಕೆಟ್ಟ ಮಡಕೆಯನ್ನು ಆವಿಗೆಯ ಬಾಯಲ್ಲೇ ಪುಡಿಮಾಡಿ ಹೂಳುವುದು ಆ ಕೇರಿಯ ಪದ್ಧತಿ. ಕೊಳ್ಳುವವರ ಕಣ್ಣಿಗೆ ಬಿದ್ದರೆ ಮನೆತನದ ಮರ್ಯಾದೆ ಹೋಯಿತು. ಈರಿ ಹೂಳಲಿಲ್ಲ. ಒಂದೊಂದು ಚೂರಿಗೂ ಎಷ್ಟು ಹಿಡಿ ಹೊಟ್ಟು ಎಂದು ಗೀಟು ಹಾಕಿ ಬುಟ್ಟಿಗೆ ತುಂಬಿದಳು. “ನಾಲ್ಕು ಜನರ ಮುಂದೆ ನನ್ನ ಮಾನ ಕಳೀತೀಯಲ್ಲೇ,” ಎಂದು ತಾಯಿ ಬೈದಳು. ಐದನೆಯ ಸಲ, ಸುಟ್ಟ ಹೊಟ್ಟು ಬಿಟ್ಟ ಸಣ್ಣ ತೂತುಗಳಿಂದ ನೀರು ಮಡಕೆಯ ಮೈಗೆ ಜಿನುಗಿ, ತುಪ್ಪ ಹೆಪ್ಪುಗಟ್ಟಿತು. ಆಗ ಗೋಡೆಯ ಮೇಲೆ ಉಳಿದಿದ್ದು ಎರಡೇ ಗೆರೆ.

ಮೇಳದ ದಿನ ದಂತದ ಪೀಠದಲ್ಲಿ ಕೂತು ಒಗಟು ಹಾಕಿದವನು ಗಾಣಿಗರ ತಾಯಪ್ಪ, ಹೋದ ವರ್ಷದ ಮೇಳದಲ್ಲಿ ಗೆದ್ದವನು. ಮೈತುಂಬ ರೇಷ್ಮೆಯ ಪಟ್ಟೆ, ಕಿವಿಗೆ ಚಿನ್ನದ ಹತ್ತಕಡಕು, ಮುಖದಲ್ಲಿ ಮಾತ್ರ ರಕ್ತವಿಲ್ಲ.

“ಹುಟ್ಟುವುದು ತಲೆಯಲ್ಲಿ, ಹೊರಬೀಳುವುದು ಬಾಯಲ್ಲಿ. ತಿನ್ನಿಸಿದಷ್ಟೂ ಹಸಿಯುತ್ತದೆ. ಅದಿಲ್ಲದೆ ನಿಮ್ಮಲ್ಲಿ ಯಾರ ಕೆಲಸವೂ ಶುರುವಾಗದು. ಏನದು?”

ಬೆಳ್ಳಿಯ ಕೊಡ ತಂದಿದ್ದ ಶೆಟ್ಟರ ಪದ್ದಣ್ಣ ನಕ್ಕು, “ದುರಾಸೆ,” ಎಂದ. ನಗು ಮುಖದಲ್ಲಿರುವಾಗಲೇ ತಲೆ ಉರುಳಿತು. ಓಲೆಗರಿಯ ಕಟ್ಟು ಹಿಡಿದಿದ್ದ ಜೋಯಿಸರ ನಾರಣಪ್ಪ, “ಬೆಂಕಿ... ಅಲ್ಲ, ತಾಳಿ,” ಎಂದ. ತಾಳುವವರು ಯಾರು? ದೊರೆ ಕಿತ್ತಳೆಯ ತೊಳೆ ಬಿಡಿಸುತ್ತ, “ಮುಂದೆ,” ಎಂದ.

ಈರಿ ಕಾಲಡಿಯ ನೆತ್ತರು ನೋಡದೆ ನಿಂತಳು. “ಪ್ರಶ್ನೆ, ಬುದ್ಧಿ. ನೀರು ಯಾಕೆ ತಣ್ಣಗಾಗುತ್ತದೆ ಎಂದು ಕೇಳಿಕೊಂಡೆ. ಒಂದಕ್ಕೆ ಉತ್ತರ ಸಿಕ್ಕರೆ ಇನ್ನೆರಡು ಹುಟ್ಟಿದವು.”

ತಾಯಪ್ಪ ಎರಡನೆಯದನ್ನು ಹಾಕಿದ. “ಅವಳಿ ಮಕ್ಕಳು. ಒಬ್ಬನಿಗೆ ಎಲ್ಲ ಉಪಚಾರ, ಇನ್ನೊಬ್ಬನಿಗೆ ಏನೂ ಇಲ್ಲ. ಆದರೂ ಏನೂ ಪಡೆಯದವನು ಸಾಕ್ಷಿ ಹೇಳದಿದ್ದರೆ ಪಡೆದವನ ಮಾತು ಸುಳ್ಳು. ಯಾರು?”

“ಏನೂ ಬೆರೆಸದ ಮಡಕೆ. ಅದನ್ನು ಪಕ್ಕದಲ್ಲಿಡದಿದ್ದರೆ, ತಣ್ಣಗಾದದ್ದು ಹೊಟ್ಟಿನಿಂದಲೋ ನೆರಳಿನಿಂದಲೋ ಯಾರಿಗೆ ಗೊತ್ತು?”

ತಾಯಪ್ಪ, ಅವಳು ಹೊತ್ತು ತಂದಿದ್ದ ಚೂರುಗಳ ಬುಟ್ಟಿಯನ್ನೇ ನೋಡುತ್ತ ಕೇಳಿದ. “ತೋರಿಸಿದರೆ ನಾಚಿಕೆ, ಮುಚ್ಚಿಟ್ಟರೆ ಮೋಸ. ಗೆಲುವನ್ನು ಹೆತ್ತ ತಾಯಿ ಅದು, ಗೆದ್ದವರೇ ಅದನ್ನು ಹೂಳುತ್ತಾರೆ. ಏನದು?”

ಈರಿ ಬುಟ್ಟಿಯನ್ನು ನೆಲಕ್ಕೆ ಸುರಿದಳು. “ಕೆಟ್ಟುಹೋದ ಪ್ರಯತ್ನ, ಬುದ್ಧಿ. ನಾಲ್ಕು ಸಲ ಸೋತೆ. ಎಷ್ಟು ಹೊಟ್ಟು ಬೇಡ ಎಂದು ಈ ಚೂರುಗಳೇ ಹೇಳಿಕೊಟ್ಟವು.” ಜನರ ನಡುವೆ ನಿಂತಿದ್ದ ತಿಪ್ಪವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ದೊರೆ ಅವಳ ಮಡಕೆಯ ನೀರು ಕುಡಿದು, “ಭಲೇ, ಹಲ್ಲು ಜುಮ್ಮೆನ್ನುತ್ತದೆ. ಪೀಠ ಇವಳದು,” ಎಂದ. ತಾಯಪ್ಪ ಎದ್ದು ತಾನೇ ಪಟ್ಟೆ ಬಿಚ್ಚಿ ಮಡಿಸಿಟ್ಟ. ಭಟರು ಅವನ ಎರಡೂ ಕೈ ಹಿಂದಕ್ಕೆ ಕಟ್ಟಿದರು.

“ಇವರನ್ನು ಎಲ್ಲಿಗೆ ಕರೆದೊಯ್ತಾರೆ, ಬುದ್ಧಿ?” ಎಂದಳು ಈರಿ.

“ಒಡೆದ ಒಗಟನ್ನು ಇಟ್ಟುಕೊಂಡು ಏನು ಮಾಡಲಿ? ಹಾಕಿದವನನ್ನೂ ಇಟ್ಟುಕೊಳ್ಳುವುದಿಲ್ಲ. ಯಾರೂ ಬಿಡಿಸದಿದ್ದರೆ ಅವನೇ ಇನ್ನೊಂದು ವರ್ಷ ಕೂರುತ್ತಿದ್ದ,” ಎಂದ ದೊರೆ.

ಈರಿ ತಾಯಪ್ಪನ ಕಡೆ ತಿರುಗಿದಳು. “ಅಣ್ಣಾ, ಇನ್ನೂ ಬಿಗಿಯಾದ ಒಗಟು ಕೇಳಬಹುದಿತ್ತಲ್ಲ.”

“ಕೇಳಬಹುದಿತ್ತು ಕಣಮ್ಮ,” ಎಂದ ತಾಯಪ್ಪ. “ಎರಡು ತಲೆ ಉರುಳಿದ್ದು ನೋಡಿದೆ. ಮೂರನೆಯದು ಬೇಡವಾಯಿತು.” ಭಟರು ಅವನನ್ನು ಕರೆದೊಯ್ದರು. ಹೊರಗೆ ಒಂದೇ ಏಟಿನ ಸದ್ದು ಕೇಳಿಸಿತು.

ತಾಯಪ್ಪ ಮಡಿಸಿಟ್ಟಿದ್ದ ಪಟ್ಟೆಯನ್ನು ಈರಿಗೆ ಹೊದಿಸಿದರು. ಹೆಗಲ ಹತ್ತಿರ ಅದು ಇನ್ನೂ ಬೆಚ್ಚಗಿತ್ತು. ತಿಪ್ಪವ್ವ ಓಡಿಬಂದು ನೆಟಿಗೆ ಮುರಿದು, “ನನ್ನ ಮಗಳು ಉಳಿದಳು,” ಎಂದು ಗೊಳೋ ಎಂದು ಅತ್ತಳು. ದೊರೆ ಕೈ ಒರೆಸಿಕೊಂಡು, “ಬರುವ ವರ್ಷಕ್ಕೆ ಮೂರು ಒಗಟು ಯೋಚಿಸಿಕೋ ಹುಡುಗಿ. ಅವಸರವಿಲ್ಲ,” ಎಂದು ಎದ್ದ.

ಈರಿ ಪೀಠದ ಮೇಲೆ ಕೂತಳು. ತಾಯಪ್ಪನಿಗಾಗಿ ಅಳಬೇಕು ಅಂದುಕೊಂಡಳು, ಅಳು ಬರಲಿಲ್ಲ. ಒಂದು ಒಗಟು ಆಗಲೇ ಹೊಳೆದಿತ್ತು. ಯಾರಿಂದಲೂ ಬಿಡಿಸಲಾಗದಂಥದ್ದು.